ಕ್ಯಾಮೆರಾ ನೋಡುವ ಮಾಲೀಕರು

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಯೂನಿಟ್ ಇವರದ್ದು. ವಯಸ್ಸು ನಲವತ್ತರ ಆಸುಪಾಸು. ಅಪ್ಪ ಮನೆಯಲ್ಲೇ ನಾಲ್ಕು ಮಷೀನು ಹಾಕಿ ಶುರು ಮಾಡಿದ್ದನ್ನು ಇವರು ಬೆಳೆಸಿದ್ದಾರೆ. ಸಲಹೆ ಕೇಳಲು ನನ್ನ ಹತ್ತಿರ ಬಂದಿದ್ದು ನಿದ್ದೆ ಬರಲ್ಲ ಅಂತ. ಮಾತೆಲ್ಲ ಕೆಲಸಗಾರರದ್ದೇ.

"ಯಾರಿಗೂ ಆಸಕ್ತಿನೇ ಇಲ್ಲ ಮೇಡಂ. ಹಬ್ಬಕ್ಕೆ ಬೋನಸ್ ಕೊಟ್ಟೆ. ತಿಂಗಳಿಗೊಬ್ಬರ ಫೋಟೋ ಗೋಡೆಗೆ ಹಾಕಿದೆ. ಭಾಷಣ ಮಾಡೋರನ್ನೂ ಕರೆಸಿದೆ."

ಹೇಳುತ್ತಲೇ ಫೋನ್ ತೆಗೆದರು. ಯೂನಿಟ್‌ನ ಸಿಸಿಟಿವಿ. ಬೆರಳಲ್ಲಿ ದೊಡ್ಡದು ಮಾಡಿ ನನ್ನ ಕಡೆ ಹಿಡಿದರು. "ನೋಡ್ರಿ, ಬೆಲ್ಟ್ ಲೂಪ್ ಹಾಕೋನು ಮತ್ತೆ ಎದ್ದ." ಆತ ನೀರು ಕುಡಿದು ಬಂದು ಕೂತ, ಅಷ್ಟೇ. ರಾತ್ರಿ ಬೀಗ ಹಾಕಿದ ಮೇಲೂ ಖಾಲಿ ಮಷೀನು ನೋಡ್ತಾ ಮಲಗುತ್ತಾರಂತೆ. ನಿದ್ದೆ ಎಲ್ಲಿಂದ ಬರಬೇಕು?

ಅಪ್ಪನ ಕಾಲದ ಕಟಿಂಗ್ ಮಾಸ್ಟರ್ ಬಿಟ್ಟು ಹೋಗಿದ್ದು ಇವರಿಗೆ ಜಾಸ್ತಿ ನೋವು. ಹೋದ ಕಡೆ ಸಂಬಳವೂ ಇಷ್ಟೇ. ಹೋಗುವಾಗ ಏನಂದರು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "'ನಾ ಮಾರ್ಕ್ ಹಾಕಿದ ಮೇಲೂ ನೀ ದಿನಾ ಟೇಪ್ ಹಿಡಿತಿ ತಮ್ಮಾ, ನಾ ಯಾಕ ಇರಬೇಕು' ಅಂದ್ರು."

ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಜೊತೆಗಾರರು ಇಂಜಿನಿಯರುಗಳನ್ನೂ ಲೆಕ್ಕಪತ್ರದವರನ್ನೂ ಮಾತಾಡಿಸಿ 1959ರಲ್ಲಿ ಬರೆದದ್ದು ಇಲ್ಲಿ ಕೆಲಸಕ್ಕೆ ಬಂತು. ಸಂಬಳ, ಮೇಲಿನವರ ನಡವಳಿಕೆ ಸರಿಯಿಲ್ಲದಿದ್ದರೆ ಜನ ಗೊಣಗುತ್ತಾರೆ. ಸರಿಮಾಡಿದರೆ ಗೊಣಗಾಟ ನಿಲ್ಲುತ್ತದೆ, ಹುಮ್ಮಸ್ಸು ಬರುವುದಿಲ್ಲ. ಅದು ಬರುವುದು ಜವಾಬ್ದಾರಿಯಿಂದ, ಕೆಲಸಕ್ಕೆ ಸಿಗುವ ಗುರುತಿನಿಂದ. ಆದರೆ ಪೀಸಿಗಿಷ್ಟು ಅಂತ ಕೂಲಿ ಪಡೆಯುವ ಟೈಲರ್‌ಗೆ ಮೊದಲು ದುಡ್ಡು, ಆಮೇಲೆ ಉಳಿದದ್ದು. ಅದಕ್ಕೇ ಬಟವಾಡೆ ಬಗ್ಗೆ ಕೇಳಿದೆ. ವ್ಯಾಪಾರಿಯ ದುಡ್ಡು ತಡವಾದರೆ ಶನಿವಾರದ್ದು ಮಂಗಳವಾರಕ್ಕೆ ಹೋಗುತ್ತದಂತೆ. ಹಾಗಿದ್ದಾಗ ಗೋಡೆ ಮೇಲಿನ ಫೋಟೋ ಯಾರಿಗೆ ಬೇಕು?

ಶನಿವಾರ ತಪ್ಪಿಸಬೇಡಿ, ಅದಕ್ಕೊಂದಿಷ್ಟು ದುಡ್ಡು ಬೇರೆ ಎತ್ತಿಡಿ ಅಂದೆ. ಕೆಟ್ಟ ಪೀಸನ್ನು ಎಲ್ಲರೆದುರು ಎತ್ತಿ ತೋರಿಸಿ ಕೂಗುವ ರೂಢಿ ಇತ್ತು. ಹೊಲಿದವರ ಮಷೀನಿನ ಹತ್ತಿರ ಹೋಗಿ ಮೆಲ್ಲಗೆ ಹೇಳಿ ಅಂದೆ. ಹೊಸ ಸ್ಯಾಂಪಲ್ ಒಂದನ್ನು ಶುರುವಿನಿಂದ ಕೊನೆತನಕ ಒಬ್ಬರಿಗೇ ಬಿಡಬೇಕು. ಇದಕ್ಕೆಲ್ಲ ಒಪ್ಪಿದರು. ಕ್ಯಾಮೆರಾ ಇರಲಿ, ಫೋನಿನಿಂದ ಆ್ಯಪ್ ತೆಗೆಯಿರಿ ಅಂದಾಗ ಮಾತ್ರ ಸಂತೆಯ ಚೌಕಾಸಿ! ಕೊನೆಗೆ ರಾತ್ರಿ ಎಂಟರ ಮೇಲೆ ನೋಡುವುದಿಲ್ಲ ಅನ್ನುವುದಕ್ಕೆ ನಿಂತಿತು.

ಮುಂದಿನ ಸಲ ಬಂದಾಗ ಆ್ಯಪ್ ತೆಗೆದು ಮತ್ತೆ ಹಾಕಿಕೊಂಡಿದ್ದರು. ಬಟವಾಡೆ ಮಾತ್ರ ತಪ್ಪಿರಲಿಲ್ಲ. ನೂಲು ಕತ್ತರಿಸುವ ಹೆಣ್ಣುಮಕ್ಕಳು, ಸೆಕೆ ತಡೆಯಲ್ಲ, ನಮ್ಮ ಟೇಬಲ್ ಕಿಟಕಿ ಹತ್ತಿರ ಹಾಕ್ಲಾ ಅಂತ ಕೇಳಿದ್ದರಂತೆ. "ನಂಗೆ ಇಷ್ಟ ಇರ್ಲಿಲ್ಲ. ಆದ್ರೂ ಹೂಂ ಅಂದೆ." ಬಾಯಿ ಬಿಟ್ಟು ಕೇಳುವ ಧೈರ್ಯ ಅವರಿಗೆ ಬಂತಲ್ಲ, ನನಗೆ ಅದೇ ದೊಡ್ಡದಾಗಿ ಕಂಡಿತು.

ನಿದ್ದೆ ಸ್ವಲ್ಪ ಸುಧಾರಿಸಿದೆ. ಹೀಗೇ ಮುಂದುವರಿಯದಿದ್ದರೆ ಮನೋವೈದ್ಯರಿಗೆ ತೋರಿಸಿ, ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ ಅಂದಿದ್ದೇನೆ. ಮಾಸ್ಟರ್‌ನ ವಾಪಸ್ ಕರೀಲಾ ಅಂತ ಕೇಳಿದರು. ಕರೀರಿ, ಆದ್ರೆ ಕಟಿಂಗ್ ಪೂರ್ತಿ ಅವರ ಜವಾಬ್ದಾರಿ ಅಂತ ಮೊದಲೇ ಹೇಳಿ ಕರೀರಿ ಅಂದೆ. ಅದಕ್ಕೆ ಅವರಿನ್ನೂ ತಯಾರಿಲ್ಲ.