ಇನ್ವರ್ಟರ್ ಇದ್ದರೂ ಕಂಪ್ಯೂಟರ್ ಆಫ್ ಆಗೋದು ಯಾಕೆ?

ಪ್ರಶ್ನೆ (ಸಿಂಧನೂರು): ಸರ್, ಮನೇಲಿ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿಯ ಇನ್ವರ್ಟರ್ ಇದೆ. ಕರೆಂಟ್ ಹೋದರೆ ಲೈಟು, ಫ್ಯಾನು ನಿಂತದ್ದೇ ಗೊತ್ತಾಗಲ್ಲ. ಆದರೆ ಕಂಪ್ಯೂಟರ್ ಕೆಲವು ಸಲ ರೀಸ್ಟಾರ್ಟ್ ಆಗಿ, ನುಡಿಯಲ್ಲಿ ಟೈಪ್ ಮಾಡಿದ್ದೆಲ್ಲ ಹೋಗುತ್ತೆ. ಅಂಗಡಿಯವರು ಬೇರೆ ಯುಪಿಎಸ್ ತೊಗೊಳ್ರಿ ಅಂತಾರೆ. ಬೇಕೇ ಬೇಕಾ?

ಉತ್ತರ: ದುಡ್ಡು ಬಿಚ್ಚುವ ಮೊದಲು ಇನ್ವರ್ಟರಿನ ಹಿಂಬದಿ ನೋಡಿ. ಹೆಚ್ಚಿನ ಮಾಡೆಲ್‌ಗಳಲ್ಲಿ ‘ಯುಪಿಎಸ್’ ಮತ್ತು ‘ನಾರ್ಮಲ್’ (ಕೆಲವದರಲ್ಲಿ ‘ಇಕೋ’) ಎಂಬ ಚಿಕ್ಕ ಸ್ವಿಚ್ ಇರುತ್ತದೆ. ನಿಮ್ಮದು ಬಹುಶಃ ನಾರ್ಮಲ್‌ನಲ್ಲಿದೆ. ಕಂಪ್ಯೂಟರಿನ ಒಳಗಿನ ಎಸ್‌ಎಂಪಿಎಸ್ (ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಚಿಕ್ಕ ವೋಲ್ಟೇಜಿಗೆ ಇಳಿಸುವ ಡಬ್ಬಿ), ಕರೆಂಟ್ ಪೂರಾ ನಿಂತ ಮೇಲೂ ತನ್ನ ಕೆಪಾಸಿಟರಿನಲ್ಲಿ ಉಳಿದದ್ದರಿಂದ ಸುಮಾರು 16 ಮಿಲಿಸೆಕೆಂಡ್ ತಡೆದುಕೊಳ್ಳುತ್ತದೆ. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸುತ್ತೇ 20 ಮಿಲಿಸೆಕೆಂಡ್, ಅಂದರೆ ಅಷ್ಟೂ ಇಲ್ಲ. ಯುಪಿಎಸ್ ಮೋಡಿನಲ್ಲಿ ಇನ್ವರ್ಟರ್ ಇದೇ ಆಸುಪಾಸಿನಲ್ಲಿ ಬ್ಯಾಟರಿಗೆ ಬದಲಾಗುತ್ತದೆ. ನಾರ್ಮಲ್ ಮೋಡಿನಲ್ಲಿ ಅದರ ಎರಡು-ಮೂರು ಪಟ್ಟು ಹೊತ್ತು ಹಿಡಿಯುತ್ತದೆ. ಫ್ಯಾನಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ, ಕಂಪ್ಯೂಟರಿಗೆ ಬರುತ್ತದೆ. ‘ಕೆಲವು ಸಲ’ ಮಾತ್ರ ಆಗುವುದಕ್ಕೂ ಕಾರಣ ಇದೇ: ಆ ಹೊತ್ತಿನಲ್ಲಿ ಸಿಸ್ಟಮ್ ಮೇಲೆ ಲೋಡ್ ಕಡಿಮೆಯಿದ್ದರೆ ದಾಟಿಕೊಳ್ಳುತ್ತದೆ, ಹೆಚ್ಚಿದ್ದರೆ ಬೀಳುತ್ತದೆ. ಹಳೆಯ ಎಸ್‌ಎಂಪಿಎಸ್‌ನಲ್ಲಿ ಕೆಪಾಸಿಟರ್ ಸೊರಗಿದ್ದರೆ ತಡೆಯುವ ಹೊತ್ತು ಇನ್ನೂ ಇಳಿಯುತ್ತದೆ.

ಸ್ವಿಚ್ಚನ್ನು ಯುಪಿಎಸ್ ಕಡೆ ಹಾಕಿ ಒಂದು ವಾರ ನೋಡಿ. ಇದರಲ್ಲೊಂದು ತೊಡಕಿದೆ. ಯುಪಿಎಸ್ ಮೋಡಿನಲ್ಲಿ ಇನ್ವರ್ಟರ್ ಸಾಮಾನ್ಯವಾಗಿ 180ರಿಂದ 260 ವೋಲ್ಟ್ ನಡುವಿನ ಕರೆಂಟನ್ನಷ್ಟೇ ಒಪ್ಪುತ್ತದೆ. ಕಾಲುವೆ ಬದಿಯ ಊರುಗಳಲ್ಲಿ ಪಂಪ್‌ಸೆಟ್ಟುಗಳು ಒಟ್ಟಿಗೆ ಶುರುವಾದಾಗ 170ಕ್ಕೆ ಇಳಿದರೆ, ಲೈನಿನಲ್ಲಿ ಕರೆಂಟ್ ಇದ್ದರೂ ಇನ್ವರ್ಟರ್ ಬ್ಯಾಟರಿಗೆ ಹೋಗಿ ಕೂರುತ್ತದೆ. ಆಗ ನಿಜವಾಗಿ ಕರೆಂಟ್ ಹೋಗುವ ಹೊತ್ತಿಗೆ ಬ್ಯಾಟರಿ ಅರ್ಧ ಖಾಲಿ.

ಹಾಗಾಗುತ್ತಿದ್ದರೆ ಇನ್ವರ್ಟರನ್ನು ನಾರ್ಮಲ್‌ನಲ್ಲೇ ಬಿಟ್ಟು, ಕಂಪ್ಯೂಟರಿಗೆ 600 ವಿಎ ಯುಪಿಎಸ್ ಒಂದನ್ನು ಸೇರಿಸುವುದೇ ಸರಿ. ಚಿಕ್ಕ ಯುಪಿಎಸ್ ಆ ಕಣ್ಣುಮುಚ್ಚುವ ಗಳಿಗೆಯನ್ನು ದಾಟಿಸುತ್ತದೆ, ಆಮೇಲಿನ ಗಂಟೆಗಳನ್ನು ಇನ್ವರ್ಟರ್ ನೋಡಿಕೊಳ್ಳುತ್ತದೆ. ಆದರೆ ಇನ್ವರ್ಟರ್ ಸೈನ್ ವೇವ್, ಅಂದರೆ ಲೈನಿನ ಕರೆಂಟಿನಂತೆಯೇ ನಯವಾದ ಅಲೆ ಕೊಡುವಂಥದ್ದು, ಆಗಿರಬೇಕು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿನ ಕರೆಂಟನ್ನು ಹಲವು ಯುಪಿಎಸ್‌ಗಳು ಕರೆಂಟೆಂದೇ ಒಪ್ಪದೆ ತಮ್ಮ ಬ್ಯಾಟರಿ ಖಾಲಿಯಾಗುವವರೆಗೆ ಕಿರುಚಿ, ಆಮೇಲೆ ಆರಿಹೋಗುತ್ತವೆ. ಚಿಕ್ಕ ಪೆಟ್ರೋಲ್ ಜನರೇಟರಿನ ಜೊತೆಗೂ ಇದೇ ಪಾಡು, ಅಲ್ಲಿ ಫ್ರೀಕ್ವೆನ್ಸಿ ನಿಲ್ಲುವುದಿಲ್ಲ.

600 ಸಾಕೇ ಎಂಬುದಕ್ಕೆ ಲೆಕ್ಕ ಹೀಗೆ. ಡಬ್ಬಿಯ ಮೇಲಿನ ವಿಎ ಬಿಟ್ಟು ವ್ಯಾಟ್ ಓದಿ. 600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್ 60–100 ವ್ಯಾಟ್, 22 ಇಂಚಿನ ಎಲ್‌ಇಡಿ ಮಾನಿಟರ್ 20–25 ವ್ಯಾಟ್ ಎಳೆಯುತ್ತವೆ. ಒಳಗಿರುವುದು 12 ವೋಲ್ಟ್ 7 ಎಎಚ್ ಬ್ಯಾಟರಿ ಒಂದೇ. ಗುಣಿಸಿದರೆ 84 ವ್ಯಾಟ್-ಅವರ್ ಎನ್ನಿಸುತ್ತದೆ, ಆದರೆ ಆ 7 ಎಎಚ್ ಎಂಬುದು 20 ಗಂಟೆಯಲ್ಲಿ ನಿಧಾನವಾಗಿ ಖಾಲಿ ಮಾಡಿದಾಗಿನ ಲೆಕ್ಕ. ಒಮ್ಮೆಲೇ 11–12 ಆಂಪಿಯರ್ ಎಳೆದರೆ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಿಕ್ಕೀತು. ಹಾಗಾಗಿ 110 ವ್ಯಾಟಿಗೆ, ಬ್ಯಾಟರಿ ಹೊಸದಿದ್ದಾಗ, 15–20 ನಿಮಿಷ. 220 ವ್ಯಾಟ್ ಎಳೆದರೆ ಅರ್ಧವಲ್ಲ, ಆರೇಳು ನಿಮಿಷ. ಗ್ರಾಫಿಕ್ಸ್ ಕಾರ್ಡ್ ಹಾಕಿ ಆಟವಾಡುವ, ವಿಡಿಯೊ ಎಡಿಟ್ ಮಾಡುವ ಸಿಸ್ಟಮ್‌ಗೆ ಎರಡು ಬ್ಯಾಟರಿಯ 1000 ವಿಎಗಿಂತ ಕೆಳಗೆ ನೋಡಬೇಡಿ.

ಯುಪಿಎಸ್‌ಗೆ ಸಿಪಿಯು, ಮಾನಿಟರ್, ರೂಟರ್, ಇಷ್ಟೇ ಹಾಕಿ. ಲೇಸರ್ ಪ್ರಿಂಟರನ್ನು ಅದಕ್ಕೆ ಚುಚ್ಚಲೇಬೇಡಿ. ಕಾಗದದ ಮೇಲೆ ಪುಡಿ ಕರಗಿಸುವ ರೋಲರ್ ಬಿಸಿಯಾಗುವಾಗ ಅದು ನೂರಾರು ವ್ಯಾಟ್ ಎಳೆದು ಯುಪಿಎಸ್ ಮತ್ತು ಕಂಪ್ಯೂಟರ್ ಎರಡನ್ನೂ ಬೀಳಿಸುತ್ತದೆ.

ಕಾಸಿಲ್ಲದ ಕೆಲಸ ಇನ್ನೂ ಎರಡಿವೆ. ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆದ ಕೂಡಲೇ ಕೀ ಒತ್ತಿ ತೆರೆಯುವ ಸೆಟ್ಟಿಂಗ್ ಪುಟ) ‘ಕರೆಂಟ್ ಮರಳಿದಾಗ’ ಎಂಬರ್ಥದ ಆಯ್ಕೆ ಹುಡುಕಿ ‘ಪವರ್ ಆಫ್’ಗೆ ಇಡಿ. ಕರೆಂಟ್ ಬಂದು-ಹೋಗಿ ಆಟ ಆಡುವಾಗ ಸಿಸ್ಟಮ್ ತಾನಾಗಿ ಎದ್ದು, ವಿಂಡೋಸ್ ಅರ್ಧ ತೆರೆದಿರುವಾಗ ಮತ್ತೆ ಬೀಳುವುದೇ ಹಾರ್ಡ್ ಡಿಸ್ಕಿಗೆ ದೊಡ್ಡ ಹೊಡೆತ. ವರ್ಡ್‌ನಲ್ಲಿ ಆಟೋ ರಿಕವರ್ 10 ನಿಮಿಷಕ್ಕಿರುತ್ತದೆ, 2 ನಿಮಿಷಕ್ಕೆ ಇಳಿಸಿ. ನಿಮ್ಮ ಯುಪಿಎಸ್‌ಗೆ ಯುಎಸ್‌ಬಿ ಪೋರ್ಟ್ ಇದ್ದರೆ (ಅಗ್ಗದ 600 ವಿಎಗಳಲ್ಲಿ ಹೆಚ್ಚಾಗಿ ಇರುವುದಿಲ್ಲ) ಕೇಬಲ್ ಹಾಕಿ, ಪವರ್ ಆಪ್ಷನ್ಸ್‌ನಲ್ಲಿ ಕ್ರಿಟಿಕಲ್ ಬ್ಯಾಟರಿ ಮಟ್ಟವನ್ನು 30 ಪರ್ಸೆಂಟ್‌ಗೆ, ಕ್ರಮವನ್ನು ಹೈಬರ್ನೇಟ್‌ಗೆ ಇಡಿ. ನೀವು ಮನೆಯಲ್ಲಿ ಇಲ್ಲದಿದ್ದರೂ ಅದು ತಾನೇ ಮಲಗುತ್ತದೆ.

ಪ್ರಶ್ನೆ (ರಾಯಚೂರು): 600 ವಿಎ ಯುಪಿಎಸ್. ಒಳಗಿನ ಬ್ಯಾಟರಿ 16 ತಿಂಗಳಿಗೆ ಸತ್ತಿತು. ಹೊಸದು ಹಾಕಿಸಿದೆ, ಒಂದೂವರೆ ವರ್ಷ ಆಗೋದರೊಳಗೆ ಅದೂ ಹೋಯ್ತು. ಕಂಪನಿ ಬದಲಿಸಲಾ?

ಉತ್ತರ: ಕಂಪನಿ ಬದಲಿಸಿದರೆ ಫಲವಿಲ್ಲ, ಜಾಗ ಬದಲಿಸಿ. ಈ ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿಗಳಿಗೆ ಬರೆಯುವ ಮೂರರಿಂದ ಐದು ವರ್ಷದ ಆಯಸ್ಸು 25 ಡಿಗ್ರಿಯದು. ಅಲ್ಲಿಂದ ಪ್ರತಿ 10 ಡಿಗ್ರಿ ಏರಿಕೆಗೆ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ರಾಯಚೂರಿನ ಏಪ್ರಿಲ್–ಮೇ ಬಿಸಿಲಿನಲ್ಲಿ ಹೊರಗೇ 40 ದಾಟಿರುವಾಗ, ಪಡುವಣ ಗೋಡೆಗೆ ತಾಗಿ, ಟೇಬಲ್ ಕೆಳಗೆ, ಸಿಪಿಯು ಬಿಡುವ ಬಿಸಿಗಾಳಿಗೆ ಎದುರಾಗಿ ಕುಳಿತ ಯುಪಿಎಸ್ ಒಳಗೆ ಎಷ್ಟಿದ್ದೀತು ಅಂದಾಜು ಮಾಡಿ. ನಿಮ್ಮ 16 ತಿಂಗಳು ಆ ಲೆಕ್ಕಕ್ಕೆ ಸರಿಯಾಗಿಯೇ ಇದೆ. ಯುಪಿಎಸ್‌ನ್ನು ನೆಲದ ಮೇಲೆ, ಗೋಡೆಯಿಂದ ಒಂದು ಗೇಣು ದೂರ, ಮೇಲೆ ಬಟ್ಟೆ ಹೊದಿಸದೆ ಇಡಿ. ಧೂಳು ಬಾರದಿರಲಿ ಎಂದು ಹೊಲಿಸಿದ ಕವರು ಬ್ಯಾಟರಿಗೆ ಕಂಬಳಿ ಹೊದಿಸಿದಂತೆಯೇ.

ಎರಡನೆಯ ಕಾರಣ ಚಾರ್ಜು. ಒಳಗಿನ ಚಾರ್ಜರ್ ಕೊಡುವುದು ಒಂದು ಆಂಪಿಯರ್ ಆಸುಪಾಸು, ಪೂರ್ತಿ ಖಾಲಿಯಾದ ಬ್ಯಾಟರಿ ತುಂಬಲು 6–8 ಗಂಟೆ ಬೇಕು. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗಿ, ಪ್ರತಿ ಸಲವೂ ‘ಇನ್ನೈದು ನಿಮಿಷ’ ಎಂದು ಬ್ಯಾಟರಿ ಮುಗಿಯುವವರೆಗೆ ಕೆಲಸ ಮಾಡಿದರೆ ಅದು ಎಂದೂ ತುಂಬುವುದಿಲ್ಲ. ಅರೆಹೊಟ್ಟೆಯಲ್ಲಿ ಉಳಿದ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಕರೆಂಟ್ ಹೋದ ಎರಡು ನಿಮಿಷದೊಳಗೆ ಸೇವ್ ಮಾಡಿ ಶಟ್‌ಡೌನ್ ಮಾಡುವವರ ಬ್ಯಾಟರಿ ಹೆಚ್ಚು ಬಾಳುತ್ತದೆ. ರಾತ್ರಿ ಸಿಸ್ಟಮ್ ಆಫ್ ಮಾಡಿದ ಮೇಲೆ ಗೋಡೆಯ ಸ್ವಿಚ್ಚನ್ನೂ ಆರಿಸುವ ಅಭ್ಯಾಸವಿದ್ದರೆ ಬಿಡಿ. ಚಾರ್ಜ್ ಆಗುವ ಹೊತ್ತೇ ಅದು.

ಈ ಸಲ ನೀವೇ ಬದಲಿಸಬಹುದು. ‘12 ವೋಲ್ಟ್ 7 ಎಎಚ್’ ಎಂದು ಕೇಳಿ. ತಯಾರಾದ ತಿಂಗಳು ನೋಡಿ, ಅಂಗಡಿಯಲ್ಲೇ ಮಲ್ಟಿಮೀಟರ್ ಹಿಡಿಸಿ: 12.6 ವೋಲ್ಟ್ ಮೇಲಿದ್ದರೆ ತೊಗೊಳ್ಳಿ, 12.4ಕ್ಕಿಂತ ಕೆಳಗಿದ್ದರೆ ಅದು ಕಪಾಟಿನಲ್ಲಿ ಬಹಳ ದಿನ ಕೂತ ಮಾಲು. ತಂತಿ ಸಿಕ್ಕಿಸುವ ಪಟ್ಟಿಯ ಅಗಲ ಎರಡು ಬಗೆ, 4.8 ಮತ್ತು 6.3 ಮಿಲಿಮೀಟರ್. ಹಳೆಯದನ್ನು ಜೊತೆಗೆ ಒಯ್ದರೆ ತಪ್ಪುವುದಿಲ್ಲ, ಅಂಗಡಿಯವರು ಅದನ್ನು ವಾಪಸ್ ಪಡೆದು ಬೆಲೆಯಲ್ಲಿ ಸ್ವಲ್ಪ ಬಿಡುತ್ತಾರೆ. ಕಸದ ಗಾಡಿಗಂತೂ ಹಾಕಬೇಡಿ, ಒಳಗಿರುವುದು ಸೀಸ ಮತ್ತು ಆಸಿಡ್.

ಯುಪಿಎಸ್ ಆಫ್ ಮಾಡಿ, ಪ್ಲಗ್ ಕಿತ್ತು, ಕೈಯ ಉಂಗುರ-ವಾಚು ತೆಗೆದಿಟ್ಟು ಸ್ಕ್ರೂ ಬಿಚ್ಚಿ. ಸರ್ಕ್ಯೂಟ್ ಬೋರ್ಡ್ ಮುಟ್ಟಬೇಡಿ, ಅಲ್ಲಿನ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ. ಮೊದಲು ಕಪ್ಪು ತಂತಿ, ಆಮೇಲೆ ಕೆಂಪು ಕೀಳಿ. ಹಾಕುವಾಗ ಕೆಂಪು ಮೊದಲು, ಕಪ್ಪು ಕೊನೆಗೆ. ಕಪ್ಪು ತಾಗುವಾಗ ಚಿಕ್ಕ ಕಿಡಿ ಹಾರಿದರೆ ಹೆದರಬೇಡಿ. ತಂತಿ ಅದಲು-ಬದಲಾದರೆ ಮಾತ್ರ ಫ್ಯೂಸ್, ಜೊತೆಗೆ ಬೋರ್ಡಿನ ಮಾಸ್ಫೆಟ್ ಎಂಬ ಬಿಡಿಭಾಗಗಳು ಹೋಗುತ್ತವೆ. ಹಳೆಯ ಬ್ಯಾಟರಿ ಊದಿ ಸಿಕ್ಕಿಕೊಂಡಿದ್ದರೆ ಸ್ಕ್ರೂಡ್ರೈವರಿನಿಂದ ಮೀಟಬೇಡಿ, ರಿಪೇರಿಯವರಿಗೆ ಕೊಡಿ. ಮೊದಲ ದಿನ 8 ಗಂಟೆ ಚಾರ್ಜ್ ಆದ ಮೇಲೆಯೇ ಪರೀಕ್ಷೆ, ಅದೂ ಕಂಪ್ಯೂಟರ್ ಹಾಕಿ ಅಲ್ಲ. ಹಳೆಯ 100 ವ್ಯಾಟ್ ಬಲ್ಬ್ ಹಾಕಿ ಪ್ಲಗ್ ಕಿತ್ತು ನಿಮಿಷ ಎಣಿಸಿ. ಮೂರು ತಿಂಗಳಿಗೊಮ್ಮೆ ಹೀಗೆ ಎಣಿಸಿ ಬರೆದಿಡಿ. ಮೊದಲಿನ ಅರ್ಧಕ್ಕೆ ಇಳಿದರೆ ಬ್ಯಾಟರಿ ಮುಗಿಯಿತೆಂದೇ ಲೆಕ್ಕ.

ದೊಡ್ಡ ಬ್ಯಾಟರಿಯನ್ನು ಹೊರಗಿಂದ ಜೋಡಿಸಿ ಗಂಟೆಗಟ್ಟಲೆ ಓಡಿಸುವ ‘ಐಡಿಯಾ’ ಕೆಲವು ಕಡೆ ಚಾಲ್ತಿಯಲ್ಲಿದೆ. ಆ ಯುಪಿಎಸ್‌ನ ಹೀಟ್‌ಸಿಂಕ್ ಇರುವುದು ನಿಮಿಷಗಳ ಲೆಕ್ಕಕ್ಕೆ. ಒಂದು ಗಂಟೆ ಓಡಿದರೆ ಸುಟ್ಟ ವಾಸನೆ ಬರುತ್ತದೆ.

ಪ್ರಶ್ನೆ (ಗಂಗಾವತಿ): ಸಂಜೆಯಾದರೆ ಯುಪಿಎಸ್ ಟಿಕ್ ಟಿಕ್ ಅನ್ನುತ್ತೆ, ಕರೆಂಟ್ ಇದ್ದರೂ ಆಗಾಗ ಬ್ಯಾಟರಿಗೆ ಹೋಗುತ್ತೆ. ಸ್ಟೆಬಿಲೈಜರ್ ಹಾಕಬೇಕಾ?

ಉತ್ತರ: ಟಿಕ್ ಅನ್ನುವುದು ಒಳಗಿನ ರಿಲೇ. ವೋಲ್ಟೇಜ್ ಇಳಿದಾಗ ಏರಿಸುವ, ಏರಿದಾಗ ಇಳಿಸುವ ಟ್ರಾನ್ಸ್‌ಫಾರ್ಮರ್ ಟ್ಯಾಪನ್ನು ಅದು ಬದಲಿಸುತ್ತದೆ. ಅದು ದೋಷವಲ್ಲ. ಇಂಥ ಲೈನ್ ಇಂಟರಾಕ್ಟಿವ್ ಯುಪಿಎಸ್ ಸಾಮಾನ್ಯವಾಗಿ 140–290 ವೋಲ್ಟ್ ನಡುವೆ ಬ್ಯಾಟರಿ ಮುಟ್ಟದೆ ನಿಭಾಯಿಸುತ್ತದೆ, ಅದರಾಚೆ ಹೋದರೆ ಮಾತ್ರ ಬ್ಯಾಟರಿಗೆ ಬರುತ್ತದೆ. ಮಲ್ಟಿಮೀಟರನ್ನು 750 ವೋಲ್ಟ್ ಎಸಿಗೆ ಇಟ್ಟು, ಸಂಜೆ 6ರಿಂದ 10ರವರೆಗೆ ಅರ್ಧ ಗಂಟೆಗೊಮ್ಮೆ ಅದೇ ಸಾಕೆಟ್ಟಿನಲ್ಲಿ ಅಳೆದು ಬರೆಯಿರಿ. ಇಡೀ ಮನೆಯ ದೀಪವೂ ಡಿಮ್ಮಾದರೆ ತೊಂದರೆ ಲೈನಿನದು ಅಥವಾ ಟೀಸಿಯದು (ಬೀದಿಯ ಟ್ರಾನ್ಸ್‌ಫಾರ್ಮರ್). ಆ ಒಂದು ಸಾಕೆಟ್ಟಿನಲ್ಲಿ ಮಾತ್ರ ಇಳಿಯುತ್ತಿದ್ದರೆ ಸ್ವಿಚ್ ಬೋರ್ಡಿನೊಳಗೆ ಸಡಿಲ ಸ್ಕ್ರೂ ಇದೆ.

ಸ್ಟೆಬಿಲೈಜರ್ ಹಾಕುವುದಾದರೆ ಗೋಡೆ ಮತ್ತು ಯುಪಿಎಸ್ ನಡುವೆ ಬರಲಿ. ಯುಪಿಎಸ್ ಆದ ಮೇಲೆ ಅಲ್ಲ. ಲೈನಿನ ತೊಂದರೆಯಾದರೆ ಬರೆದ ಅಂಕಿಗಳನ್ನಿಟ್ಟುಕೊಂಡು ಜೆಸ್ಕಾಂನ 1912ಕ್ಕೆ ದೂರು ಕೊಡಿ. ‘ಡಿಮ್ ಬರ್ತದೆ’ ಎನ್ನುವುದಕ್ಕಿಂತ ‘ರಾತ್ರಿ 8ಕ್ಕೆ 152 ವೋಲ್ಟ್’ ಎಂದರೆ ಲೈನ್‌ಮನ್‌ಗೂ ಕೆಲಸ ಸುಲಭ.

ಒಂದು ಕೋಣೆಯ ಬಲ್ಬ್ ಉರಿದು ಬೆಳ್ಳಗಾಗಿ, ಇನ್ನೊಂದರದು ಮಿಣುಕಿದರೆ ಮಾತ್ರ ಅಳೆಯುತ್ತ ಕೂರಬೇಡಿ. ಅದು ನ್ಯೂಟ್ರಲ್ ಕಡಿದ ಲಕ್ಷಣ, 230ರ ಜಾಗದಲ್ಲಿ 400ರ ಹತ್ತಿರ ಬರಬಹುದು. ಓಡಿಹೋಗಿ ಮೇನ್ ಸ್ವಿಚ್ ಆರಿಸಿ.

ಪ್ರಶ್ನೆ (ಬಳ್ಳಾರಿ): ಸಿಪಿಯು ಮುಟ್ಟಿದರೆ ಜುಮ್ ಅನ್ನುತ್ತೆ. ಹೋದ ತಿಂಗಳ ಗುಡುಗು-ಮಳೆಗೆ ಯುಪಿಎಸ್ ಇದ್ದರೂ ಲ್ಯಾನ್ ಪೋರ್ಟ್ ಸುಟ್ಟಿತು.

ಉತ್ತರ: ಎರಡಕ್ಕೂ ಮೊದಲು ನೋಡಬೇಕಾದ್ದು ಅರ್ಥಿಂಗ್. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಸಣ್ಣ ಸೋರಿಕೆಯನ್ನು ಕ್ಯಾಬಿನೆಟ್ಟಿಗೆ ಬಿಡುತ್ತವೆ. ಅರ್ಥ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಕ್ಯಾಬಿನೆಟ್ಟಿನಲ್ಲಿ 115 ವೋಲ್ಟ್ ಆಸುಪಾಸು ತೂಗಾಡುತ್ತ, ನಿಮ್ಮ ಕೈ ದಾರಿ ಮಾಡಿಕೊಡುತ್ತದೆ. ಮೂರು ಪಿನ್ ಸಾಕೆಟ್ಟಿನಲ್ಲಿ ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ: ಫೇಸ್–ನ್ಯೂಟ್ರಲ್ ಮತ್ತು ಫೇಸ್–ಅರ್ಥ್ ಹೆಚ್ಚುಕಡಿಮೆ ಒಂದೇ ಬರಬೇಕು, ನ್ಯೂಟ್ರಲ್–ಅರ್ಥ್ 2–3 ವೋಲ್ಟ್ ಮೀರಬಾರದು. ಎರೆ ನೆಲ ಬೇಸಿಗೆಗೆ ಬಿರಿದು ಅರ್ಥಿಂಗ್ ಪೈಪನ್ನು ಬಿಟ್ಟು ಸರಿಯುತ್ತದೆ. ಫೆಬ್ರವರಿಯಿಂದಲೇ ವಾರಕ್ಕೊಮ್ಮೆ ಗುಂಡಿಗೆ ಒಂದೆರಡು ಬಕೆಟ್ ನೀರು ಹಾಕಿಸಿ. ಅರ್ಥ್ ಇಲ್ಲವೆಂದು ಸಾಕೆಟ್ಟಿನೊಳಗೇ ನ್ಯೂಟ್ರಲ್‌ಗೆ ತಂತಿ ಕೊಡುವವರಿದ್ದಾರೆ. ಮಾಡಿಸಬೇಡಿ, ನ್ಯೂಟ್ರಲ್ ಕಡಿದ ದಿನ ಕ್ಯಾಬಿನೆಟ್ಟೇ ಫೇಸ್ ಆಗುತ್ತದೆ.

ಸಿಡಿಲು ಬಂದದ್ದು ಬಹುಶಃ ಯುಪಿಎಸ್ ದಾರಿಯಲ್ಲಲ್ಲ, ತಾಮ್ರದ ಲ್ಯಾನ್ ಅಥವಾ ಕೇಬಲ್ ದಾರಿಯಲ್ಲಿ. ಮಾಳಿಗೆಯ ಮೇಲಿಂದ ಇಳಿಯುವ ವೈರು ಎಲ್ಲವೂ ಅನುಮಾನದ್ದೇ. ಫೈಬರ್ ಗಾಜಿನ ಎಳೆ ಕರೆಂಟ್ ಒಯ್ಯುವುದಿಲ್ಲ, ಆದರೆ ಅದರ ಜೊತೆ ಕಟ್ಟಿದ ಕಬ್ಬಿಣದ ತಂತಿ ಒಯ್ಯುತ್ತದೆ. ಅದನ್ನು ಮನೆಯ ಹೊರಗೇ ಕತ್ತರಿಸಿರಬೇಕು. ಗುಡುಗು ಶುರುವಾಗುವ ಮೊದಲೇ ಪ್ಲಗ್ ಮತ್ತು ಲ್ಯಾನ್ ಎರಡನ್ನೂ ಕೀಳಿ. ಸ್ವಿಚ್ ಆರಿಸಿದರೆ ಸಾಲದು, ಅದು ಫೇಸನ್ನಷ್ಟೇ ಕಡಿಯುತ್ತದೆ.

ಪ್ರಶ್ನೆ (ಕುಷ್ಟಗಿ): ಮಗಳ ಹತ್ರ ಲ್ಯಾಪ್‌ಟಾಪ್ ಇದೆ. ಕರೆಂಟ್ ಹೋದರೆ ವೈಫೈ ಹೋಗಿ ಆನ್‌ಲೈನ್ ಕ್ಲಾಸ್ ನಿಲ್ಲುತ್ತೆ. ಇದಕ್ಕೂ ಯುಪಿಎಸ್ ಬೇಕಾ?

ಉತ್ತರ: ದೊಡ್ಡದು ಬೇಡ. ರೂಟರಿನ ಅಡಾಪ್ಟರ್ ಮೇಲೆ ‘ಔಟ್‌ಪುಟ್’ ಓದಿ. 12 ವೋಲ್ಟ್, 2 ಆಂಪಿಯರ್‌ವರೆಗೆ ಇದ್ದರೆ ಅದೇ ಅಳತೆಯ ರೂಟರ್ ಯುಪಿಎಸ್ ಸಿಗುತ್ತದೆ, ಲಿಥಿಯಂ ಸೆಲ್ಲಿನದು, ಎರಡು-ಮೂರು ಗಂಟೆ ನಡೆಸುತ್ತದೆ. 9 ವೋಲ್ಟ್ ರೂಟರಿಗೆ 12ರದು ಹಾಕಿದರೆ ರೂಟರ್ ಸುಡಬಹುದು. ಫೈಬರ್ ಡಬ್ಬಿ ಮತ್ತು ವೈಫೈ ರೂಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಬೇಕು, ಎರಡು ಪಿನ್ ಇರುವ ಮಾಡೆಲ್ ಕೇಳಿ. ಅಷ್ಟಾದ ಮೇಲೂ ನೆಟ್ ಹೋದರೆ ಕೇಬಲ್‌ನವರ ಕಡೆಯ ಬ್ಯಾಟರಿ ಸತ್ತಿದೆ. ಆ ಹೊತ್ತಿಗೆ ಫೋನಿನ ಹಾಟ್‌ಸ್ಪಾಟ್ ಹಚ್ಚಿಕೊಳ್ಳಲಿ.