‘ಡ್ಯೂನ್’ಗಿಂತ ಮೊದಲು ಏನು ಓದಬೇಕು?

ಓದುಗರ ಪತ್ರ: ನಾವು ಎಂಟು ಜನ ಸೇರಿ ತಿಂಗಳಿಗೊಂದು ಕಾದಂಬರಿ ಓದಿ ಚರ್ಚಿಸುತ್ತೇವೆ. ಈ ಸಲ ವೈಜ್ಞಾನಿಕ ಕಾದಂಬರಿಗಳಿಗೆ ಕೈಹಾಕಿ, ಎಲ್ಲರೂ ಹೊಗಳುವ ‘ಡ್ಯೂನ್’ ಎತ್ತಿಕೊಂಡೆವು. ಐದು ಜನ ನೂರು ಪುಟ ದಾಟಲಿಲ್ಲ. ಯಾವುದರಿಂದ ಶುರು ಮಾಡಬೇಕಿತ್ತು? (ಧಾರವಾಡದಿಂದ)

ಸಂಪಾದಕರ ಉತ್ತರ: ‘ಡ್ಯೂನ್’ (1965) ಒಳ್ಳೆಯ ಕಾದಂಬರಿಯೇ, ಆದರೆ ಹೊಸಬರ ಕೈಗೆ ಮೊದಲು ಕೊಡುವಂಥದಲ್ಲ. ಫ್ರ್ಯಾಂಕ್ ಹರ್ಬರ್ಟ್ ಆರಂಭದಲ್ಲೇ ಬೆನೆ ಗೆಸೆರಿಟ್, ಗೋಮ್ ಜಬ್ಬಾರ್ ಎಂದೆಲ್ಲ ಹೇಳಿ, ಏನೆಂದು ಬಿಡಿಸದೆ ಮುಂದೆ ಸಾಗುತ್ತಾರೆ. ಕೊನೆಯಲ್ಲಿ ಪದಕೋಶವಿದೆ ನಿಜ. ಪ್ರತಿ ಪದಕ್ಕೂ ಅಲ್ಲಿಗೆ ಹೋಗಿಬಂದರೆ ಕತೆ ಕೈತಪ್ಪುತ್ತದೆ. ಅದನ್ನು ಆಮೇಲಿಗೆ ಇಟ್ಟುಕೊಳ್ಳಿ. ಮೂರು ಭಾಗಗಳ ದಪ್ಪ ಪುಸ್ತಕ, ಒಂದೇ ತಿಂಗಳಿಗೆ ತುರುಕಬೇಡಿ.

ಮೊದಲ ತಿಂಗಳಿಗೆ ಎಚ್. ಜಿ. ವೆಲ್ಸ್ ಅವರ ‘ದಿ ಟೈಮ್ ಮಷೀನ್’ (1895). ನೂರು ಪುಟದ ಆಸುಪಾಸು, ಎರಡು ಸಂಜೆಯ ಓದು. ಕಲ್ಪನೆ ಒಂದೇ, ಕಾಲದಲ್ಲಿ ಓಡಾಡುವ ಯಂತ್ರ. ಉಳಿದದ್ದೆಲ್ಲ ಅದರಿಂದ ಹೊರಡುವ ತರ್ಕ. ಕ್ರಿ. ಶ. 802701ಕ್ಕೆ ಹೋದ ಪ್ರಯಾಣಿಕ ಅಲ್ಲಿಯ ಸಮಾಜ ಹೀಗೇಕೆ ಆಯಿತೆಂದು ಒಂದು ವಿವರಣೆ ಕಟ್ಟುತ್ತಾನೆ, ಅದು ಸುಳ್ಳಾದಾಗ ಇನ್ನೊಂದನ್ನು. ಅವನು ಮಾತು ಬದಲಿಸುವ ಜಾಗಗಳನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಬರಲು ಎಲ್ಲರಿಗೂ ಹೇಳಿ. ಚರ್ಚೆಗೆ ಅಷ್ಟು ಸಾಕು. ವೆಲ್ಸ್ ತೀರಿಕೊಂಡದ್ದು 1946ರಲ್ಲಿ. ನಮ್ಮ ಕಾನೂನಿನ 60 ವರ್ಷದ ಕೃತಿಸ್ವಾಮ್ಯ ಮುಗಿದಿರುವುದರಿಂದ ಅಂತರಜಾಲದಲ್ಲಿ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು.

ಎರಡನೆಯದು ಫ್ರೆಂಚ್ ಲೇಖಕ ಜೂಲ್ಸ್ ವರ್ನ್. ಇಲ್ಲಿ ಪುಸ್ತಕಕ್ಕಿಂತ ಅನುವಾದಕರ ಹೆಸರನ್ನು ಮೊದಲು ನೋಡಬೇಕು. ‘ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದಿ ಸೀ’ಯ ಹಳೆಯ ಇಂಗ್ಲಿಷ್ ಅನುವಾದ ಮರ್ಸಿಯರ್ ಲೂಯಿಸ್ ಹೆಸರಿನಲ್ಲಿ ಬಂದದ್ದು, ಮೂಲದ ಸುಮಾರು ಕಾಲುಭಾಗ, ಅದರಲ್ಲೂ ವಿಜ್ಞಾನದ ವಿವರಗಳು, ಅದರಲ್ಲಿ ಹಾರಿಹೋಗಿವೆ. ವರ್ನ್ ಅಂದರೆ ಮಕ್ಕಳ ಕತೆಗಾರ ಎಂಬ ಅಪಖ್ಯಾತಿಗೆ ಇಂಥ ಅನುವಾದಗಳ ಕೊಡುಗೆ ದೊಡ್ಡದು. ಅಗ್ಗದ ಮುದ್ರಣಗಳಲ್ಲಿ ಇವತ್ತಿಗೂ ಅದೇ ಪಠ್ಯ ಸಿಗುತ್ತದೆ, ಎಷ್ಟೋ ಸಲ ಅನುವಾದಕರ ಹೆಸರೇ ಇಲ್ಲದೆ. ಅಂಗಡಿಯಲ್ಲಿ ನಿಂತೇ ಎರಡನೆಯ ಅಧ್ಯಾಯದ ಮೊದಲ ಸಾಲುಗಳನ್ನು ನೋಡಿ. ನೆಬ್ರಾಸ್ಕಾದ ‘ಬ್ಯಾಡ್‌ಲ್ಯಾಂಡ್ಸ್’ ಇರಬೇಕಾದಲ್ಲಿ ‘ಡಿಸ್‌ಅಗ್ರೀಯಬಲ್ ಟೆರಿಟರಿ’ ಎಂದಿದ್ದರೆ ಪುಸ್ತಕ ವಾಪಸಿಡಿ. ವಿಲಿಯಂ ಬುಚರ್ ಅವರ ಅನುವಾದ ಕೇಳಿ, ಎಫ್. ಪಿ. ವಾಲ್ಟರ್ ಅವರದು ಪುಕ್ಕಟೆಯಾಗಿಯೇ ಸಿಗುತ್ತದೆ.

ಇಷ್ಟವಾದರೆ ‘ದಿ ಮಿಸ್ಟೀರಿಯಸ್ ಐಲ್ಯಾಂಡ್’ (1875) ಕೂಡ ಓದಿ. ‘ಟ್ವೆಂಟಿ ಥೌಸಂಡ್ ಲೀಗ್ಸ್’ನ ಜಲಾಂತರ್ಗಾಮಿಯ ಒಡೆಯ ಕ್ಯಾಪ್ಟನ್ ನೆಮೊ ಯಾರೆಂಬ ಗುಟ್ಟು ಬಿಚ್ಚುವುದು ಅಲ್ಲಿಯೇ: ಬುಂದೇಲಖಂಡದ ರಾಜಕುಮಾರ ಡಕ್ಕರ್, ನಮ್ಮ ಟಿಪ್ಪು ಸುಲ್ತಾನನ ಸೋದರಳಿಯನಂತೆ! 1799ರಲ್ಲಿ ಮಡಿದವನ ಸೋದರಳಿಯ 1857ರ ದಂಗೆಯಲ್ಲಿ ಬ್ರಿಟಿಷರ ವಿರುದ್ಧ ಕತ್ತಿ ಹಿರಿದದ್ದು ವಯಸ್ಸಿನ ಲೆಕ್ಕಕ್ಕೆ ಅಷ್ಟಾಗಿ ಕೂರುವುದಿಲ್ಲ, ಇರಲಿ. ಕಿಂಗ್‌ಸ್ಟನ್ ಹೆಸರಿನ ಹಳೆಯ ಅನುವಾದದಲ್ಲಿ ನೆಮೊ ಬ್ರಿಟಿಷರ ಮೇಲೆ ಕಾರುವ ಸಿಟ್ಟನ್ನು ತಿದ್ದಿ ತಣ್ಣಗಾಗಿಸಿದ್ದಾರೆ. ಜೋರ್ಡನ್ ಸ್ಟಂಪ್ ಅವರ 2001ರ ಅನುವಾದ ತೆಗೆದುಕೊಳ್ಳಿ.

ಆಮೇಲೆ ಸ್ತಾನಿಸ್ಲಾವ್ ಲೆಮ್ ಅವರ ‘ಸೋಲಾರಿಸ್’ (1961). 1970ರ ಇಂಗ್ಲಿಷ್ ಅನುವಾದ ಪೋಲಿಷ್‌ನಿಂದ ನೇರ ಬಂದದ್ದಲ್ಲ, ಫ್ರೆಂಚ್ ಮೂಲಕ ಸುತ್ತಿ ಬಂದದ್ದು. ನಾಯಕಿಯ ಹೆಸರು ರೇಯಾ ಎಂದಿದ್ದರೆ ಅದು ಹಳೆಯದು; ಹಾರೆ ಎಂದಿದ್ದರೆ ಬಿಲ್ ಜಾನ್‌ಸ್ಟನ್ ನೇರವಾಗಿ ಮಾಡಿದ್ದು. ಎರಡನೆಯದು ಇ-ಪುಸ್ತಕವಾಗಿ ಇದೆ. ಸೋಲಾರಿಸ್ ಎಂಬ ಗ್ರಹವನ್ನು ಆವರಿಸಿರುವ ವಿಚಿತ್ರ ಸಾಗರದ ಬಗ್ಗೆ ತಲೆಮಾರುಗಟ್ಟಲೆ ನಡೆದ ಸಂಶೋಧನೆಯ ಪುಟಗಳು ಬಂದಾಗ ನಿಮ್ಮವರು ಹಾರಿಸಲು ನೋಡುತ್ತಾರೆ. ಬಿಡಬೇಡಿ. ಅಷ್ಟೆಲ್ಲ ಹೆಸರಿಟ್ಟು ವಿಂಗಡಿಸಿಯೂ ಮನುಷ್ಯನಿಗೆ ಏನೂ ತಿಳಿಯಲಿಲ್ಲ ಎಂಬುದೇ ಕಾದಂಬರಿಯ ತಿರುಳು.

ಅಸಿಮೋವ್ ಅವರ ‘ಫೌಂಡೇಶನ್’ ಸರಣಿಯನ್ನು ಕತೆ ನಡೆಯುವ ಕ್ರಮದಲ್ಲಿ ಅಲ್ಲ, ಪ್ರಕಟವಾದ ಕ್ರಮದಲ್ಲಿ ಓದಿ: 1951, 1952, 1953ರ ಮೂರು. ‘ಪ್ರಿಲ್ಯೂಡ್’ನ ಕತೆ ಇವಕ್ಕಿಂತ ಹಿಂದಿನದಾದರೂ ಪುಸ್ತಕ 1988ರದು, ಅದರಿಂದ ಶುರು ಮಾಡಬೇಡಿ. ಮೊದಲ ಪುಸ್ತಕ ಐದು ಕತೆಗಳ ಜೋಡಣೆ, ನಾಲ್ಕು ಪತ್ರಿಕೆಯಲ್ಲಿ ಮೊದಲೇ ಬಂದಿದ್ದವು. ಒಂದು ಪಾತ್ರಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ ಕತೆ ದಶಕಗಳಷ್ಟು ಮುಂದೆ ಹಾರಿರುತ್ತದೆ. ಇದನ್ನು ಮೊದಲೇ ಹೇಳಿಟ್ಟರೆ ಯಾರೂ ಪುಸ್ತಕ ಮುಚ್ಚಿಡುವುದಿಲ್ಲ.