ಮುಂಬೈಯಲ್ಲಿ ಆಸ್ಪತ್ರೆ ಬಿಲ್ ಇಷ್ಟು ಏರೋದು ಯಾಕೆ?

ಊರಲ್ಲಿ ಆಗೋ ಅಪೆಂಡಿಕ್ಸ್ ಆಪರೇಷನ್ನೇ ಮುಂಬೈಯಲ್ಲಿ ಯಾಕೆ ಇಷ್ಟು ದುಬಾರಿ, ಎಲ್ಲ ಡಾಕ್ಟರ ಜೇಬಿಗೇ ಹೋಗುತ್ತಾ ಅಂತ ಕೇಳಿದ್ದೀರಿ. ನಾನು ಇಲ್ಲಿ ಮೆಡಿಕ್ಲೇಮ್ (ಆಸ್ಪತ್ರೆ ಖರ್ಚಿನ ವಿಮೆ) ಕೆಲಸದಲ್ಲಿದ್ದೇನೆ, ದಿನಾ ಬಿಲ್ ನೋಡೋದೇ ಕೆಲಸ. ನಾನು ಮೊದಲು ನೋಡೋದು ಡಾಕ್ಟರ್ ಫೀಸನ್ನಲ್ಲ, ರೂಮನ್ನು.

ಜಾಗದ ಬೆಲೆ, ಬಾಡಿಗೆ, ಸಂಬಳ, ವಿದೇಶದಿಂದ ಬರುವ ಮೆಷಿನ್ನು, ಇವೆಲ್ಲ ಇದ್ದೇ ಇವೆ. ಆದರೆ ಇಲ್ಲಿನ ಎಷ್ಟೋ ಖಾಸಗಿ ಆಸ್ಪತ್ರೆಗಳಲ್ಲಿ ರೂಮಿನ ದರ್ಜೆ ಏರಿದ ಹಾಗೆ ಸರ್ಜನ್ ಫೀಸು, ಓಟಿ (ಆಪರೇಷನ್ ಥಿಯೇಟರ್) ಚಾರ್ಜು, ನರ್ಸಿಂಗ್ ಎಲ್ಲವೂ ಏರುತ್ತದೆ. ಅದೇ ಡಾಕ್ಟರು, ಅದೇ ಟೇಬಲ್ಲು, ಅದೇ ಹೊಲಿಗೆ! ನಮ್ಮವರು, ಅದರಲ್ಲೂ ಹೋಟೆಲ್ ಲೈನಿನವರು, ನೋಡೋಕೆ ನೆಂಟರಿಷ್ಟರು ಬರ್ತಾರೆ ಅಂತ ಸಿಂಗಲ್ ರೂಮೇ ಹಿಡಿಯುತ್ತಾರೆ. ಪಾಲಿಸಿಯಲ್ಲಿ ರೂಮಿಗೆ ದಿನಕ್ಕೆ 5,000 ಮಿತಿ ಇದ್ದು ನೀವು 10,000ದ ರೂಮು ತಗೊಂಡರೆ, ಕೈಯಿಂದ ಹೋಗೋದು ಬರೀ ಆ ವ್ಯತ್ಯಾಸ ಅಲ್ಲ. ಮಿತಿ ರೂಮಿನ ಬಾಡಿಗೆಯ ಅರ್ಧದಷ್ಟೇ ಇರೋದರಿಂದ ಉಳಿದ ಚಾರ್ಜುಗಳಿಗೂ ಅದೇ ಲೆಕ್ಕ: ಸರ್ಜನ್ ಫೀಸು 60,000 ಇದ್ದರೆ ವಿಮಾ ಕಂಪನಿ 30,000 ಮಾತ್ರ ಕೊಡಬಹುದು. ಔಷಧಿ, ದೇಹದೊಳಗೆ ಕೂರಿಸುವ ಇಂಪ್ಲಾಂಟ್, ಟೆಸ್ಟುಗಳಿಗೆ ಮಾತ್ರ ಹೀಗೆ ಕತ್ತರಿ ಹಾಕುವಂತಿಲ್ಲ. ಅದರ ಮೇಲೆ, ಐಸಿಯು ಬಿಟ್ಟು ದಿನಕ್ಕೆ 5,000 ದಾಟಿದ ರೂಮಿಗೆ 2022ರ ಜುಲೈಯಿಂದ ಶೇ. 5 ಜಿಎಸ್‌ಟಿ ಬೇರೆ.

ಇನ್ನೊಂದು, ಗ್ಲೌಸು, ಸಿರಿಂಜು, ಕ್ಯಾನುಲಾ (ಡ್ರಿಪ್ ಹಾಕಲು ನರಕ್ಕೆ ಚುಚ್ಚುವ ನಳಿಗೆ). ಆಸ್ಪತ್ರೆಗೆ ಸಿಗುವ ರೇಟೇ ಬೇರೆ, ನಿಮಗೆ ಬೀಳೋದು ಎಂಆರ್‌ಪಿ. 2018ರಲ್ಲಿ ಎನ್‌ಪಿಪಿಎ (ಔಷಧಿಗಳ ಬೆಲೆ ನಿಗಾ ಇಡುವ ಕೇಂದ್ರ ಸರ್ಕಾರದ ಸಂಸ್ಥೆ) ದೆಹಲಿ ಕಡೆಯ ಕೆಲವು ಖಾಸಗಿ ಆಸ್ಪತ್ರೆಗಳ ಬಿಲ್ ಬಿಚ್ಚಿ ನೋಡಿದಾಗ ಕೆಲವು ಸಾಮಾನಿನ ಮೇಲಿನ ಲಾಭ ಶೇ. 1,700 ದಾಟಿತ್ತು. ಸರ್ಕಾರ ಮನಸ್ಸು ಮಾಡಿದರೆ ತಡೆಯಬಹುದು: 2017ರಲ್ಲಿ ಹೃದಯದ ರಕ್ತನಾಳಕ್ಕೆ ಹಾಕುವ ಔಷಧಿ ಲೇಪಿತ ಸ್ಟೆಂಟಿಗೆ 29,600 ರೂಪಾಯಿ ಮಿತಿ ಹಾಕಿದ್ದು ನೆನಪಿದೆಯಲ್ವಾ? ಆದರೆ ಗ್ಲೌಸಿಗೆ ಯಾರು ಮಿತಿ ಹಾಕ್ತಾರೆ.

ಹಾಗಾಗಿ ಅಡ್ಮಿಟ್ ಆಗೋ ಮೊದಲೇ ರೂಮುವಾರು ಎಸ್ಟಿಮೇಟ್ ಬರೆಸಿಕೊಳ್ಳಿ. ಮಹಾರಾಷ್ಟ್ರದಲ್ಲಿ ನರ್ಸಿಂಗ್ ಹೋಮ್‌ಗಳು ರೇಟು ಬೋರ್ಡ್ ಹಾಕಲೇಬೇಕು, 2021ರ ನಿಯಮ, ಸಂಕೋಚ ಬಿಟ್ಟು ಕೇಳಿ. ಮನೆಯ ಆದಾಯ ಕಮ್ಮಿ ಇದ್ದರೆ ಟ್ರಸ್ಟ್ ಆಸ್ಪತ್ರೆಯ ಸೋಷಿಯಲ್ ವರ್ಕರನ್ನು ಹುಡುಕಿ. ಅಂಥ ಆಸ್ಪತ್ರೆಗಳು ಶೇ. 10 ಬೆಡ್ಡು ತೀರಾ ಬಡವರಿಗೆ ಉಚಿತವಾಗಿ, ಇನ್ನೊಂದು ಶೇ. 10 ರಿಯಾಯಿತಿಯಲ್ಲಿ ಇಡಬೇಕು. ತಹಸೀಲ್ದಾರರ ಆದಾಯ ಸರ್ಟಿಫಿಕೇಟು, ರೇಷನ್ ಕಾರ್ಡು ಮೊದಲೇ ರೆಡಿ ಇಟ್ಟುಕೊಳ್ಳಿ, ಡಿಸ್ಚಾರ್ಜ್ ದಿನ ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲ್ಲ.